ಮೊದಲ ಮುದ್ದೆ

ನಾನು ಮಾಡಿದ ಮುದ್ದೆಯನ್ನು ನನ್ನ ಅತ್ತೆ ಚೆಲುವಮ್ಮ ಉಗಿದಾಗ, ನನ್ನ ಮದುವೆಯಾಗಿ ಒಂಬತ್ತು ದಿನವಾಗಿತ್ತು. 1999ರ ಜೂನ್ ತಿಂಗಳು. ವಾರ, ಹೊತ್ತು, ಆವತ್ತು ಮಾಡಿದ್ದ ಸಾರು ಎಲ್ಲವೂ ನೆನಪಿದೆ. ಅವಮಾನ ಮರೆಯುವ ಸ್ವಭಾವ ನನ್ನದಲ್ಲ.

ನಜರ್‌ಬಾದಿನ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಮುದ್ದೆ ಮೆಸ್ಸು. ಮಧ್ಯಾಹ್ನದ ಊಟ ಮಾತ್ರ. ಅತ್ತೆ ಒಲೆಯ ಮುಂದೆ, ಮಾವ ಹುಚ್ಚಣ್ಣ ಬಡಿಸುವುದಕ್ಕೆ. ನನ್ನ ಗಂಡ ಯೋಗೇಂದ್ರ ಬೆಳಿಗ್ಗೆ ಸೊಪ್ಪು ಸೌದೆ ತಂದುಹಾಕಿ ಆಟೋ ಓಡಿಸಲು ಹೋಗುತ್ತಿದ್ದರು. ಮೆಸ್ಸಿಗೆ ಒಂದು ಕಟ್ಟಳೆ ಇತ್ತು. ಪಾತ್ರೆಯಿಂದ ತೆಗೆದು ಕಟ್ಟಿದ ಮೊದಲ ಮುದ್ದೆಯನ್ನು ಅತ್ತೆಯೇ ಮುರಿದು, ಸಾರಿನಲ್ಲಿ ಅದ್ದಿ ನುಂಗಬೇಕು. ಮುದ್ದೆಯನ್ನು ಅಗಿದು ನೋಡಿದರೆ ಏನೂ ತಿಳಿಯುವುದಿಲ್ಲ. ಹಿಟ್ಟು ಬೆಂದಿದೆಯೇ, ಗಂಟು ಉಳಿದಿದೆಯೇ ಎಂಬುದನ್ನು ಗಂಟಲೇ ಹೇಳಬೇಕು. ನುಂಗಿದ ಮೇಲೆ ಅವರು "ಬಡ್ಸು" ಎನ್ನುತ್ತಿದ್ದರು, ಅಷ್ಟೇ. ಆ ಮಾತು ಬರುವ ತನಕ ದೊಡ್ಡ ಆಫೀಸಿನ ಸಾಹೇಬರೇ ಕೂತಿದ್ದರೂ ತಟ್ಟೆ ಖಾಲಿ.

ನಾನು ಇಲವಾಲದವಳು. ಬಿ.ಎ. ಓದಿದ್ದೇನೆ, ಆದರೆ ನನ್ನ ಜಂಬವೆಲ್ಲ ಮುದ್ದೆ ಕೋಲಿನದು. ಹದಿಮೂರನೇ ವಯಸ್ಸಿಗೇ ಹತ್ತು ಜನಕ್ಕೆ ತಿರುವಿ ಹಾಕಿದವಳು. ಆವತ್ತು ಸೊಸೆಯ ಕೈಗುಣ ನೋಡಲು ನೆಂಟರ ಹೆಂಗಸರೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅತ್ತೆ ತುತ್ತು ಮುರಿದರು, ಅದ್ದಿದರು, ಬಾಯಿಗಿಟ್ಟರು. ಗಂಟಲು ಒಮ್ಮೆ ಮೇಲೆದ್ದು ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಎದ್ದು ಹಿತ್ತಲಿಗೆ ಓಡಿ ಉಗಿದು ಬಂದರು, ಯಾರ ಮುಖವನ್ನೂ ನೋಡದೆ ಸೌಟು ಹಿಡಿದುಕೊಂಡರು. ಮಾವನೇ ಒಂದು ತುತ್ತು ನುಂಗಿ "ಬಡ್ಸಮ್ಮ, ಚೆನ್ನಾಗದೆ" ಎಂದರು. ಮಾವ ಹೇಳಿದರೆ ಯಾರಿಗೆ ಬೇಕು.

ಆವತ್ತಿನಿಂದ ಮೊದಲ ಮುದ್ದೆ ಮಾವನ ಪಾಲಾಯಿತು. ಅತ್ತೆ ಒಲೆಯ ಹಿಂದೆ ನಮಗೆ ಬೆನ್ನು ಹಾಕಿ ಕೂತು ಗಂಜಿ ಕುಡಿಯುತ್ತಿದ್ದರು. ನನ್ನ ಕೈಯ ಊಟ ಬೇಡವಾಗಿ ಗಂಜಿ ಕುಡಿಯುತ್ತಾರೆ ಎಂದು ನಾನು ಹಲ್ಲು ಕಚ್ಚಿದೆ. ಎರಡು ವರ್ಷ ನಮ್ಮಿಬ್ಬರ ನಡುವೆ ಉಪ್ಪು, ಸೌದೆ, ನೀರು ಬಿಟ್ಟರೆ ಬೇರೆ ಮಾತಿರಲಿಲ್ಲ. ಅವರು ಸೊರಗುತ್ತಿದ್ದುದು ನನಗೆ ಕಾಣದೆ ಇರಲಿಲ್ಲ. ಕಂಡರೂ ಹಟ ಅಂದುಕೊಂಡೆ.

ಗುಟ್ಟು ಒಡೆದದ್ದು ಲಿಂಗಯ್ಯನವರಿಂದ. ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು, ನಮ್ಮಲ್ಲಿ ದಿನಾ ಉಣ್ಣುವವರು, ಬಾಯಿ ಸುಮ್ಮನಿರದವರು. 2001ರಲ್ಲಿ ಒಂದು ಮಧ್ಯಾಹ್ನ, ತುಂಬಿದ ಪಂಕ್ತಿಯಲ್ಲಿ ಕೂತು ಕೇಳಿದರು: "ಏನ್ ಚೆಲ್ವಮ್ಮಾರೆ, ನಿಮ್ ಮೆಸ್ಸಿನ್ ಮುದ್ದೆ ನೀವೇ ತಿನ್ನಕ್ಕಿಲ್ವಂತೆ? ನಾವ್ ಎಂಗ್ ನಂಬ್ಕೊಂಡ್ ತಿನ್ನಾದು?"

ಅತ್ತೆ ಕೋಪದಲ್ಲಿ ನನ್ನನ್ನೂ ಮೀರಿಸುವವರು. ಎಲ್ಲರೆದುರು ದೊಡ್ಡ ತುತ್ತು ಮುರಿದು ಬಾಯಿಗೆ ಹಾಕಿಕೊಂಡರು. ಅದು ಎದೆಯ ನಡುವೆ ನಿಂತಿತು. ಮಾವನಿಗೆ ತಿಳಿದಿದ್ದ ವೈದ್ಯ ಒಂದೇ. ಮೀನಿನ ಮುಳ್ಳು ಸಿಕ್ಕಿಕೊಂಡರೂ ಮಾತ್ರೆ ಸಿಕ್ಕಿಕೊಂಡರೂ ಮೇಲೊಂದು ಮುದ್ದೆ ತುತ್ತು ತಳ್ಳಬೇಕು. ಮುದ್ದೆಯೇ ಸಿಕ್ಕಿಕೊಂಡಾಗಲೂ ಅವರು ಅದನ್ನೇ ಮಾಡಿದರು. "ನುಂಗು ಕಣೆ, ಇದು ಅದ್ನ ತಳ್ಕೊಂಡ್ ಓಯ್ತದೆ" ಎಂದು ಇನ್ನೂ ದೊಡ್ಡದೊಂದನ್ನು ಕೊಟ್ಟರು. ಆಮೇಲೆ ನೀರೂ ಇಳಿಯಲಿಲ್ಲ, ಎಂಜಲೂ ಇಳಿಯಲಿಲ್ಲ. ಗಂಡನ ಆಟೋದಲ್ಲಿ ಅತ್ತೆಯನ್ನು ತೊಡೆಗೆ ಒರಗಿಸಿಕೊಂಡು ಆಸ್ಪತ್ರೆಗೆ ಹೋದೆ. ಅವರು ಎಷ್ಟು ಹಗುರಾಗಿದ್ದರು ಎಂದು ಆಗ ತಿಳಿಯಿತು.

ಡಾಕ್ಟರ್ ಬಿಂದುಮಾಧವ ಕೊಳವೆ ಇಳಿಸಿ ಎರಡೂ ತುತ್ತನ್ನು ಹೊರಗೆ ತೆಗೆದರು. "ಎಷ್ಟು ವರ್ಷದಿಂದ ಹೀಗಾಗ್ತಿದೆ?" ಎಂದು ಕೇಳಿದರು.

"ಐದ್ ವರ್ಸ ಆಯ್ತು ಸಾಮಿ," ಎಂದರು ಅತ್ತೆ, ಗೋಡೆಯ ಕಡೆ ತಿರುಗಿ. "ಮೊದ್ಮೊದ್ಲು ಸಣ್ ತುತ್ತು ಎಂಗೋ ಇಳೀತಿತ್ತು, ಆಮೇಲೆ ಅದೂ ನಿಂತೋಯ್ತು. ಮುದ್ದೆ ಮೆಸ್ಸಿನೋಳ್ಗೇ ಮುದ್ದೆ ಇಳ್ಯಕ್ಕಿಲ್ಲ ಅಂದ್ರೆ ಜನ ಏನಂತಾರೆ? ಅದ್ಕೇ ಯೋಳ್ಲಿಲ್ಲ."

ಐದು ವರ್ಷ. ಅಂದರೆ ನಾನು ಆ ಮನೆಗೆ ಕಾಲಿಡುವ ಮೂರು ವರ್ಷ ಮೊದಲಿನಿಂದ. ನನ್ನ ಮುದ್ದೆಗೂ ಅವರು ಉಗಿದದ್ದಕ್ಕೂ ಏನೇನೂ ಸಂಬಂಧವಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನನ್ನ ಮೇಲೆ ನನಗೇ ಅಸಹ್ಯವಾಗುವಷ್ಟು ನಾಚಿಕೆಯಾಯಿತು. ಈಕೆಯನ್ನು ಮತ್ತೆ ಮುದ್ದೆ ನುಂಗುವ ಹಾಗೆ ಮಾಡದಿದ್ದರೆ ನಾನು ಸುಷ್ಮಿತಾನೇ ಅಲ್ಲ ಎಂದುಕೊಂಡೆ.

ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲು ಕ್ಯಾನ್ಸರಿನ ಭಯ. ತುಣುಕು ತೆಗೆದು ಪರೀಕ್ಷಿಸಿ, ಅಲ್ಲ ಎಂದರು. ಹಾಗಾದರೆ ಹೊಟ್ಟೆಯ ಆಸಿಡ್ಡಿನಿಂದ ಅನ್ನನಾಳ ಕಿರಿದಾಗಿರಬೇಕೆಂದು ಮಾತ್ರೆ ಕೊಟ್ಟು, ನಾಳವನ್ನು ಹಿಗ್ಗಿಸಿದರು. ಒಂದು ತಿಂಗಳು ಅನ್ನ ಇಳಿಯಿತು, ಮತ್ತೆ ಬಿಗಿಯಿತು. ಹೀಗೆ ಮೂರು ಸಲ. ಮೂರನೆಯದರ ನಂತರ ಮೊದಲಿಗಿಂತ ಬೇಗ ಬಿಗಿಯಿತು. "ಸಾಕು ಬುಡಮ್ಮ, ಗಂಜೀಲೇ ಕಾಲ ಕಳ್ದ್‌ಬುಡ್ತೀನಿ" ಎಂದರು ಅತ್ತೆ. ನಾನು ಬಿಡಲಿಲ್ಲ.

2004ರಲ್ಲಿ ಅವರ ವಸಡಿನಲ್ಲಿ ರಕ್ತ ಬರತೊಡಗಿತು. ಹಲ್ಲಿನ ಕಾಲೇಜಿಗೆ ಕರೆದುಕೊಂಡು ಹೋದೆ. ಅಲ್ಲಿ ಐಶ್ವರ್ಯ ಎಂಬ ಹುಡುಗಿ, ಇನ್ನೂ ಓದುತ್ತಿದ್ದ ಡಾಕ್ಟರು, ಅತ್ತೆಯ ಕೆನ್ನೆಯನ್ನು ಒಳಗಿನಿಂದ ಅಗಲಿಸಿ ಬಹಳ ಹೊತ್ತು ನೋಡಿದಳು. ನನ್ನನ್ನೂ ಕರೆದು ತೋರಿಸಿದಳು. ಕೆನ್ನೆಯ ಒಳಗೆ ಬಿಳಿ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು ಸೀರೆ ಅಂಚಿನ ಲೇಸಿನ ಹಾಗಿದ್ದವು. ಎಲೆಯಡಿಕೆ ಸುಣ್ಣದಿಂದ ಬೆಂದಿರುವುದೆಂದು ಎಲ್ಲರೂ ಹೇಳಿ, ಪಾಪ, ಆ ಒಂದು ಚಟವನ್ನೂ ಬಿಡಿಸಿದ್ದೆವು. ಗೆರೆ ಮಾತ್ರ ಹೋಗಿರಲಿಲ್ಲ.

"ಅಜ್ಜಿ, ಮೈ ಮೇಲೆ ಎಲ್ಲಾದ್ರೂ ತುರಿಕೆ ಇದೆಯಾ?"

ಅತ್ತೆ ಬಳೆ ಸರಿಸಿ ಮಣಿಕಟ್ಟು ತೋರಿಸಿದರು. ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು. "ಒಲೆ ಝಳುಕ್ಕೆ ಆಗಿರಾದು ಕಣವ್ವ."

"ಊಟ ನುಂಗೋಕೆ ಕಷ್ಟ ಆಗುತ್ತಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಲ್ಲು ನೋಡುವವಳಿಗೆ ಗಂಟಲಿನ ವಿಚಾರ ಹೇಗೆ ಗೊತ್ತಾಯಿತು? ಬಾಯಿಗೆ ಬರುವ ಈ ಕಾಯಿಲೆ ಅಪರೂಪಕ್ಕೆ ಅನ್ನನಾಳಕ್ಕೂ ಇಳಿಯುತ್ತದೆಂದು ಅವಳು ಓದಿದ್ದಳಂತೆ. ಅಲ್ಲೇ ಕೂತು ಡಾಕ್ಟರ್ ಬಿಂದುಮಾಧವರಿಗೆ ಎರಡು ಪುಟ ಕಾಗದ ಬರೆದುಕೊಟ್ಟಳು.

ಬಿಂದುಮಾಧವರು ದೊಡ್ಡ ಮನುಷ್ಯರು. ಕಲಿಯುವ ಹುಡುಗಿ ಬರೆದದ್ದೆಂದು ಕಾಗದವನ್ನು ಮೂಲೆಗೆ ಎಸೆಯಲಿಲ್ಲ. ಮತ್ತೆ ಕೊಳವೆ ಇಳಿಸಿ, ಬೇರೆ ಜಾಗಗಳಿಂದ ತುಣುಕು ತೆಗೆದು, ಏನನ್ನು ಹುಡುಕಬೇಕೆಂದು ಬರೆದು ಕಳಿಸಿದರು. ವರದಿ ಬಂದ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಇದಕ್ಕೆ ಲೈಕನ್ ಪ್ಲಾನಸ್ ಅಂತಾರೆ. ಅಂಟುರೋಗ ಅಲ್ಲ. ಮೈ ಕಾಯೋ ಕಣಗಳೇ ತಪ್ಪು ತಿಳ್ಕೊಂಡು ಸ್ವಂತ ಮೈಯನ್ನೇ ಶತ್ರು ಅಂತ ಹೊಡೀತವೆ. ಒಳಗೆ ಹುಣ್ಣು ಕೆರಳಿರೋವಾಗ್ಲೇ ನಾವು ಹಿಗ್ಗಿಸ್ತಾ ಇದ್ವಿ, ಅದಕ್ಕೇ ಮತ್ತೆ ಮತ್ತೆ ಬಿಗೀತಿತ್ತು. ಮೊದಲು ಹುಣ್ಣು ಆರಿಸೋಣ."

ಸ್ವಂತದವರನ್ನೇ ಶತ್ರು ಎಂದುಕೊಳ್ಳುವ ಮಾತು ಬಂದಾಗ ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಕಣ್ಣು ಕೆಕ್ಕರಿಸಿದೆ, ಅವರು ಸೀಲಿಂಗು ನೋಡತೊಡಗಿದರು.

ಸ್ಟೀರಾಯ್ಡ್ ಶುರುವಾಯಿತು. ಗಡಿಯಾರ ನೋಡಿ ನಾನೇ ಕೊಟ್ಟೆ. ಅತ್ತೆಯ ಮುಖ ಊದಿತು, ಸಕ್ಕರೆ ಏರಿತು, ನಿದ್ದೆ ಕೆಟ್ಟಿತು, ಇಬ್ಬರೂ ದಿನಕ್ಕೆ ಹತ್ತು ಸಲ ಜಗಳವಾಡಿದೆವು. ಉಪ್ಪು ಸೌದೆಯ ಮಾತಿಗಿಂತ ಜಗಳ ಎಷ್ಟೋ ವಾಸಿ. ಎರಡು ತಿಂಗಳಿಗೆ ಹುಣ್ಣು ಆರಿತು. ಆಮೇಲೆ ಮೆಲ್ಲನೆ, ಸ್ವಲ್ಪ ಸ್ವಲ್ಪವೇ ಹಿಗ್ಗಿಸಿದರು. ಈ ಸಲ ಬಿಗಿಯಲಿಲ್ಲ. ಮೊದಲು ಮೆತ್ತನೆಯ ಅನ್ನ, ಆಮೇಲೆ ಇಡ್ಲಿ, ಆಮೇಲೆ ಚಪಾತಿ ಇಳಿಯಿತು. ವರ್ಷ ವರ್ಷ ಬಂದು ತೋರಿಸಿಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿ, 2005ರ ಮಾರ್ಚಿನಲ್ಲಿ ಡಾಕ್ಟರು ಹೇಳಿದರು: "ಮುದ್ದೇನೂ ತಿನ್ನಿ. ಚಿಕ್ಕ ಚಿಕ್ಕ ತುತ್ತು."

ಮಾರನೆಯ ದಿನ ಮಸ್ಸೊಪ್ಪಿನ ಸಾರು. ನಾನೇ ಎಸರಿಟ್ಟೆ, ನಾನೇ ತಿರುವಿದೆ. ಪಂಕ್ತಿಯಲ್ಲಿ ಜನ ಕೂತಾಗಿತ್ತು. ಮಾವ ಎಂದಿನಂತೆ ಮೊದಲ ಮುದ್ದೆಗೆ ಕೈ ಚಾಚಿದರು. ಅತ್ತೆ ಆ ಕೈ ತಳ್ಳಿ ತಾವೇ ತಟ್ಟೆ ಎಳೆದುಕೊಂಡು, ಒಲೆಯ ಹಿಂದೆ ಅಲ್ಲ, ಎಲ್ಲರ ನಡುವೆ ಬಂದು ಕೂತರು. ಲಿಂಗಯ್ಯನವರು ಮುಂದಕ್ಕೆ ಬಗ್ಗಿ ನೋಡಿದರು.

ಚಿಕ್ಕ ತುತ್ತು ಮುರಿದರು, ಅದ್ದಿದರು, ಬಾಯಿಗಿಟ್ಟರು. ಗಂಟಲು ಒಮ್ಮೆ ಮೇಲೆದ್ದಿತು. ಇಳಿಯಿತು.

ಅವರು ನೀರಿಗೆ ಕೈ ಹಾಕಲಿಲ್ಲ. ಎರಡನೆಯ ತುತ್ತು, ಮೂರನೆಯದು. ನಿಯಮದಂತೆ ಒಂದು ತುತ್ತಿಗೇ ಅಪ್ಪಣೆಯಾಗಬೇಕು, ಆದರೆ ಅತ್ತೆಗೆ ನಿಲ್ಲಿಸುವ ಮನಸ್ಸೇ ಇಲ್ಲ. ಹಸಿದ ಜನ ಖಾಲಿ ತಟ್ಟೆ ಮುಂದಿಟ್ಟುಕೊಂಡು ನಗುತ್ತಾ ಕಾದರು. ಕೊನೆಗೆ ಲಿಂಗಯ್ಯನವರು "ನಮ್ಗೂ ವಸಿ ಉಳ್ಸಿ ಕಣಮ್ಮ" ಎಂದರು. ಮಾವ ಹೆಗಲ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇಡೀ ಮುದ್ದೆ ಮುಗಿಸಿ, ಬೆರಳಲ್ಲಿ ತಟ್ಟೆ ಬಳಿದು, ಅತ್ತೆ ನನ್ನ ಕಡೆ ತಿರುಗಿದರು.

"ಬಡ್ಸು ಕಣಮ್ಮ," ಎಂದರು. ಆಮೇಲೆ, ನನಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ: "ಅವತ್ತೇ ಯೋಳ್ಬೇಕಾಗಿತ್ತು."

ನಾನು ಮೂಗೊರೆಸಿಕೊಂಡು ಎಲ್ಲರಿಗೂ ಬಡಿಸಿದೆ.