ಬಡಿಗೇರ ಮೇಡಂ ಬರೆದ ಸೆಟ್ಟಿಂಗ್ಸ್ ಫೈಲು

ನಾನು ಒಂದು ಫೈಲು. ಕಾಗದದ್ದಲ್ಲ, ಕಂಪ್ಯೂಟರಿನೊಳಗಿನದು. ನನ್ನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಹಾಗೆ ಶುರುವಾಗುವ ಫೈಲುಗಳನ್ನು ಕಂಪ್ಯೂಟರು ಪಟ್ಟಿಯಲ್ಲಿ ತೋರಿಸುವುದಿಲ್ಲ, ಬಚ್ಚಿಡುತ್ತದೆ. ಪ್ರೋಗ್ರಾಮ್ ಬರೆಯುವ ಎಡಿಟರು ತೆರೆದುಕೊಳ್ಳುವಾಗ ಮೊದಲು ನನ್ನನ್ನು ಓದುತ್ತದೆ. ಯಾವ ಪದಕ್ಕೆ ಯಾವ ಬಣ್ಣ, ಯಾವ ಕೀಲಿ ಒತ್ತಿದರೆ ಏನಾಗಬೇಕು, ತಪ್ಪು ಬರೆದರೆ ಏನು ಹೇಳಬೇಕು ಎಂಬುದೆಲ್ಲ ನನ್ನಲ್ಲಿದೆ. ಕೆಲಸ ನನ್ನದು, ಹೆಸರು ಎಡಿಟರಿನದು. ಅದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೇ ಬೇರೆ.

ನಾನು ಹುಟ್ಟಿದ್ದು ಗದಗಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೂರನೇ ಮಹಡಿಯ ಲ್ಯಾಬಿನಲ್ಲಿ. ನನ್ನನ್ನು ಬರೆದವರು ದಾಕ್ಷಾಯಣಿ ಬಡಿಗೇರ. ಅವರು ಹನ್ನೊಂದು ವರ್ಷಗಳಿಂದ ಅಲ್ಲಿ ತಾತ್ಕಾಲಿಕ ಲ್ಯಾಬ್ ಇನ್‌ಸ್ಟ್ರಕ್ಟರ್. ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಬಂದರೆ ಕೆಲಸ, ಬರದಿದ್ದರೆ ಮನೆ.

ಆ ವರ್ಷ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಹೊಸ ವಿಷಯ ಬಂತು. ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಒಂದಕ್ಕೊಂದು ಜೋಡಿಸಿ ಪ್ರೋಗ್ರಾಮ್ ಕಟ್ಟುವ ಪದ್ಧತಿ ಅದು. ವಿಭಾಗದ ಮುಖ್ಯಸ್ಥ ಡಾಕ್ಟರ್ ನಾಗಭೂಷಣ ಇಟಗಿಯವರು ವೇಳಾಪಟ್ಟಿಯಲ್ಲಿ ಅದನ್ನು ಸೇರಿಸಿ ಕೈ ತೊಳೆದುಕೊಂಡರು. ಹುಡುಗರು ಯಾವುದರಲ್ಲಿ ಬರೆಯಬೇಕು ಎಂದು ಮೇಡಂ ಕೇಳಿದರೆ, ನೋಟ್‌ಪ್ಯಾಡಿನಲ್ಲಿ ಬರೆಯಲಿ ಎಂದರು.

ಮೇಡಂ ಹಾಗೆ ಬಿಡಲಿಲ್ಲ. ಮನೆಯಲ್ಲಿ ಫೋನಿನ ನೆಟ್‌ನಿಂದ ಎಲ್ಲವನ್ನೂ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರು. ಎಡಿಟರು ಒಂದು ವರ್ಷದ್ದು, ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರು ಇನ್ನೊಂದು ವರ್ಷದ್ದು. ನಡುವೆ ನಿಂತು ತಪ್ಪು ತೋರಿಸಬೇಕಾದ ಸಹಾಯಕ ಪ್ರೋಗ್ರಾಮು ಎರಡನ್ನೂ ಒಪ್ಪಲಿಲ್ಲ. ಮೂರು ಸಲ ಕಿತ್ತು ಹಾಕಿ ಮತ್ತೆ ಕೂಡಿಸಿದರು. ನಾಲ್ಕನೇ ಸಲ, ಬೇಕೆಂದೇ ತಪ್ಪಾಗಿ ಬರೆದ ಪದದ ಕೆಳಗೆ ಕೆಂಪು ಗೆರೆ ಮೂಡಿತು. ಮೇಡಂ ಕುರ್ಚಿಗೆ ಒರಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಒಬ್ಬರೇ ನಕ್ಕರು. ಆಮೇಲೆ ನನ್ನ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದರು. ಕಂಪ್ಯೂಟರು ಆ ಸಾಲನ್ನು ಓದದೆ ದಾಟಿಹೋಗುತ್ತದೆ. ಅದು ಮನುಷ್ಯರಿಗಾಗಿ ಇರುವ ಸಾಲು.

ತಬಸ್ಸುಮ್ ಅಣ್ಣಿಗೇರಿ ಎಂಬ ವಿದ್ಯಾರ್ಥಿನಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ಒಂದು ತಪ್ಪು ಮಾಡಿದರೆ ಕಂಪೈಲರು ಹತ್ತು ಸಾಲು ಇಂಗ್ಲಿಷ್ ಸುರಿಯುತ್ತಿತ್ತು. ಅವಳು ಅದನ್ನು ಓದದೆ, ಬರೆದ ಪ್ರೋಗ್ರಾಮನ್ನೇ ಪೂರ್ತಿ ಅಳಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಹಿಂದೆ ನಿಂತು ನೋಡುತ್ತಿದ್ದ ಮೇಡಂ ಯಾಕೆಂದು ಕೇಳಿದರು.

"ಏನ್ ತಪ್ಪಾಗೇತಿ ಅಂತ ತಿಳಿಯಂಗಿಲ್ರಿ ಮೇಡಂ. ಬೈದಂಗ ಅನಸ್ತೈತಿ. ಅದಕ್ಕ ಅಳಸಿಬಿಡ್ತೀನ್ರಿ."

ಮರುದಿನದಿಂದ ನನ್ನೊಳಗೆ ಕನ್ನಡ ಬರತೊಡಗಿತು. "ಇಲ್ಲಿ ಸಂಖ್ಯೆ ಬೇಕಿತ್ತು, ನೀನು ಪದ ಕೊಟ್ಟಿದ್ದೀಯ." "ಈ ಪಟ್ಟಿ ಖಾಲಿಯಿದ್ದರೆ ಏನು ಮಾಡಬೇಕೆಂದು ನೀನು ಹೇಳಿಲ್ಲ." ಹುಡುಗರು ಎಲ್ಲೆಲ್ಲಿ ಎಡವುತ್ತಾರೆಂದು ಒಂದು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವುದು, ಅದಕ್ಕೊಂದು ವಾಕ್ಯ ಬರೆಯುವುದು, ಅದನ್ನು ಓದಿದವರ ಮುಖ ನೋಡುವುದು, ತಿಳಿದಿಲ್ಲವೆಂದು ಕಂಡರೆ ಒಡೆದು ಮತ್ತೆ ಬರೆಯುವುದು. ಆರು ತಿಂಗಳಲ್ಲಿ ನೂರ ನಲವತ್ತು ವಾಕ್ಯಗಳಾದವು. ಮೂವತ್ತು ಕಂಪ್ಯೂಟರುಗಳಲ್ಲೂ ನನ್ನನ್ನು ಕೂರಿಸಿದರು. ತಬಸ್ಸುಮ್ ಅಳಿಸುವುದನ್ನು ಬಿಟ್ಟಳು.

ಫೆಬ್ರವರಿಯಲ್ಲಿ ಕಾಲೇಜು ನೋಡಲು ಒಂದು ಸಮಿತಿ ಬರುವುದಿತ್ತು. ಹಿಂದಿನ ದಿನ ಇಟಗಿಯವರು ಲ್ಯಾಬಿಗೆ ಬಂದರು. ಆ ವರ್ಷ ಅವರ ಪಾದ ಅಲ್ಲಿಗೆ ಬಂದದ್ದು ಅದೇ ಮೊದಲು. ಒಬ್ಬ ಹುಡುಗನಿಂದ ಎಡಿಟರನ್ನೂ ಅದರ ಜೊತೆ ನನ್ನ ಒಂದು ಪ್ರತಿಯನ್ನೂ ತಮ್ಮ ಕೋಣೆಯ ಕಂಪ್ಯೂಟರಿಗೆ ಹಾಕಿಸಿಕೊಂಡು, ನನ್ನನ್ನು ತೆರೆದರು. ಒಳಗೇನಿದೆ ಎಂದು ಓದಲಿಲ್ಲ. ಮೊದಲ ಸಾಲನ್ನು ಆರಿಸಿ ಅಳಿಸಿದರು. ಅಲ್ಲಿ ಬರೆದರು: ಪರಿಕಲ್ಪನೆ ಮತ್ತು ರಚನೆ, ಡಾ. ನಾಗಭೂಷಣ ಇಟಗಿ.

ಆ ಪ್ರತಿಯೇ ಈಗ ಮಾತಾಡುತ್ತಿರುವ ನಾನು. ಅವರ ಬೆರಳಿನ ಕೆಳಗೇ ಇದ್ದೆ. ಕಿರುಚಲು ಬಾಯಿಯಿಲ್ಲ, ಕಚ್ಚಲು ಹಲ್ಲಿಲ್ಲ.

ಮರುದಿನ ಸಮಿತಿಯವರು ಅವರ ಕೋಣೆಗೆ ಬಂದರು. ತಾವೇ ಮಾಡಿದ್ದೆಂದ ಸಾಧನದಲ್ಲಿ ಯಾವ ಕೀಲಿ ಒತ್ತಬೇಕೆಂದು ಇಟಗಿಯವರಿಗೆ ಗೊತ್ತಿರಲಿಲ್ಲ. ಬಡಿಗೇರ ಮೇಡಂ ಅವರನ್ನು ಕರೆಸಿ, ಇವರು ನಮ್ಮ ಆಪರೇಟರ್ ಎಂದು ಪರಿಚಯಿಸಿದರು. ಮೇಡಂ ಕುಳಿತು ನನ್ನನ್ನು ತೆರೆದರು. ಮೊದಲ ಸಾಲು ಕಣ್ಣಿಗೆ ಬಿತ್ತು. ಅವರ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತುಬಿಟ್ಟಿತು. ಸಮಿತಿಯ ಹಿರಿಯರೊಬ್ಬರು ಏನಾದರೂ ತೊಂದರೆಯಿದೆಯೇ ಎಂದು ಕೇಳಿದರು.

"ಇಲ್ರಿ," ಎಂದರು ಮೇಡಂ. ಎಲ್ಲವನ್ನೂ ತೋರಿಸಿದರು. ಇಟಗಿಯವರು ಚಪ್ಪಾಳೆ ಸ್ವೀಕರಿಸಿದರು.

ಆ "ಇಲ್ರಿ" ನನ್ನನ್ನು ಇವತ್ತಿಗೂ ಸುಡುತ್ತದೆ. ಜೂನ್ ಹತ್ತಿರವಿತ್ತು ಎಂಬುದು ನನಗೂ ಗೊತ್ತು. ಆದರೂ ಸುಡುತ್ತದೆ.

ಮಾರನೇ ದಿನ ಬೆಳಿಗ್ಗೆ ಮೇಡಂ ತಾವಾಗಿಯೇ ಆ ಕೋಣೆಗೆ ಬಂದರು. ಕೂರಲಿಲ್ಲ.

"ಸರ್, ಅದನ್ನ ಬರದಾಕಿ ನಾನು."

ಇಟಗಿಯವರು ಯಾವುದೋ ಕಾಗದಕ್ಕೆ ಸಹಿ ಹಾಕುತ್ತಲೇ ಇದ್ದರು. "ಕಾಲೇಜಿನ ಮಷಿನ್‌ನ್ಯಾಗ ಬರದಿದ್ದು ಕಾಲೇಜಿಂದು, ಬಡಿಗೇರ ಅವರ. ವಿಭಾಗಕ್ಕ ಮುಖ್ಯಸ್ಥ ಯಾರು?"

"ನಿಮ್ಮ ಹೆಸರೂ ಇರ್ಲಿ ಬಿಡ್ರಿ. ನನ್ನದನ್ನ ಯಾಕ ತಗದ್ರಿ?"

ಈ ಸಲದ ಆದೇಶಗಳ ಪಟ್ಟಿ ತಮ್ಮ ಮೇಜಿಗೇ ಬರುತ್ತದೆ ಎಂದಷ್ಟೇ ಹೇಳಿ ಇಟಗಿಯವರು ಪೆನ್ನಿನ ಮುಚ್ಚಳ ಹಾಕಿದರು.

ಲ್ಯಾಬಿನ ಮೂವತ್ತು ಕಂಪ್ಯೂಟರುಗಳಿಂದಲೂ ನನ್ನನ್ನು ಒರೆಸಿ ಹಾಕಲು ಮೇಡಂಗೆ ಒಂದು ಗಳಿಗೆ ಸಾಕಿತ್ತು. ಮಾಡಲಿಲ್ಲ. ಹುಡುಗರ ಪರೀಕ್ಷೆ ಮುಗಿಯುವವರೆಗೆ ಒಂದಕ್ಷರ ಮುಟ್ಟಲಿಲ್ಲ. ಜೂನ್‌ನಲ್ಲಿ ಅವರಿಗೆ ಆದೇಶ ಬರಲಿಲ್ಲ. ಹನ್ನೊಂದು ವರ್ಷಕ್ಕೆ ಒಂದು ಹಾರವೂ ಇಲ್ಲ, ಒಂದು ಕಪ್ ಚಹಾವೂ ಇಲ್ಲ.

ಜುಲೈಯಲ್ಲಿ ಲ್ಯಾಬಿನ ಎಲ್ಲ ಕಂಪ್ಯೂಟರುಗಳನ್ನೂ ಪೂರ್ತಿ ಖಾಲಿ ಮಾಡಿ ಹೊಸ ಎಡಿಟರು ಹಾಕಿದರು. ಅಲ್ಲಿದ್ದ ನನ್ನ ಪ್ರತಿಗಳೆಲ್ಲ ಹೋದವು. ಹೊಸದಕ್ಕೆ ನನ್ನನ್ನು ಹೊಂದಿಸಲು ಇಟಗಿಯವರಿಗೆ ಬರುತ್ತಿರಲಿಲ್ಲ, ಬರುವವರನ್ನು ಮನೆಗೆ ಕಳಿಸಿಯಾಗಿತ್ತು. ಹೊಸ ಹುಡುಗರ ಮೇಲೆ ಮತ್ತೆ ಹತ್ತು ಸಾಲು ಇಂಗ್ಲಿಷ್ ಸುರಿಯಿತು. ಆ ವರ್ಷ ಅರ್ಧ ತರಗತಿ ಆ ವಿಷಯದಲ್ಲಿ ನಪಾಸಾಯಿತು. ಅದೇ ವರ್ಷ ಇಟಗಿಯವರು ನನ್ನ ನೂರ ನಲವತ್ತು ವಾಕ್ಯಗಳನ್ನು ಟೈಪಿಸ್ಟ್ ಒಬ್ಬನಿಂದ ಇಳಿಸಿಕೊಂಡು ಕೈಪಿಡಿಯೊಂದನ್ನು ಅಚ್ಚು ಹಾಕಿಸಿದರು. ಹಿಂದಿನ ರಟ್ಟಿನ ಮೇಲೆ ಅವರ ಫೋಟೊ. ಕನ್ನಡದ ಮಕ್ಕಳ ಕಷ್ಟ ಕಂಡು ಮರುಗಿ ಬರೆದೆ ಎಂದು ಮುನ್ನುಡಿ. ಯಾವ ಮಕ್ಕಳ ಹಿಂದೆ ನಿಂತಿದ್ದರು ಅವರು? ಒಂದು ಸಂಘದವರು ಶಾಲು ಹೊದಿಸಿದರು. ನಾಲ್ಕಾರು ಕಾಲೇಜುಗಳು ಆ ಪುಸ್ತಕವನ್ನು ಪಠ್ಯಕ್ಕೆ ಹಚ್ಚಿದವು.

ಅವರು ನಿವೃತ್ತರಾದ ಮೇಲೆ ಅವರ ಕಂಪ್ಯೂಟರನ್ನು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ತಳ್ಳಿದರು. ಮುರಿದ ಕುರ್ಚಿ, ಕೆಟ್ಟ ಪ್ರಿಂಟರುಗಳ ನಡುವೆ ನಾಲ್ಕು ವರ್ಷ ಬಿದ್ದಿದ್ದೆ, ನೆತ್ತಿಯ ಮೇಲೆ ಆ ಮನುಷ್ಯನ ಹೆಸರು ಹೊತ್ತುಕೊಂಡು.

ಹೋದ ವಾರ ಸಾಮಾನುಗಳ ತಪಾಸಣೆಗೆ ಇಬ್ಬರು ಬಂದರು. ಒಬ್ಬರು ಗುಮಾಸ್ತ ಕಳಕಪ್ಪ. ಇನ್ನೊಬ್ಬರು ಅದೇ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದ್ದ ತಬಸ್ಸುಮ್. ನಡೆಯುತ್ತದೋ ಇಲ್ಲವೋ ನೋಡಲು ಒಂದೊಂದೇ ಕಂಪ್ಯೂಟರು ಹಚ್ಚುತ್ತ ಬಂದರು. ನನ್ನದು ಹತ್ತಿಕೊಂಡಿತು. ಬಚ್ಚಿಟ್ಟ ಫೈಲುಗಳನ್ನು ತೋರಿಸುವಂತೆ ಕಂಪ್ಯೂಟರಿಗೆ ಹೇಳಿ, ಪರಿಚಿತ ಹೆಸರು ಕಂಡು ತಬಸ್ಸುಮ್ ನನ್ನನ್ನು ತೆರೆದರು.

ಮೊದಲ ಸಾಲು ಓದಿ ಅವರ ಮುಖ ಬಿಗಿಯಿತು. ಕೆಳಗೆ ಇಳಿಯುತ್ತ ಹೋದರು. ತೊಂಬತ್ತೆರಡನೇ ಸಾಲಿನಲ್ಲಿ, ಒಂದು ವಾಕ್ಯದ ಪಕ್ಕ, ಮೇಡಂ ತಮಗಾಗಿ ಬರೆದುಕೊಂಡಿದ್ದ ಟಿಪ್ಪಣಿ ಹಾಗೇ ಇತ್ತು: "ತಬಸ್ಸುಮ್‌ಗೆ ಇದು ಇನ್ನೂ ತಿಳಿದಿಲ್ಲ. ನಾಳೆ ಬೇರೆ ಥರ ಬರೆದು ತೋರಿಸಬೇಕು. ದಾ. ಬಡಿಗೇರ." ಕದ್ದವರು ಒಳಗೆ ಓದಿರಲಿಲ್ಲ. ಇಳಿಸಿಕೊಂಡ ಟೈಪಿಸ್ಟ್ ಅದನ್ನು ಬಿಟ್ಟು ಮುಂದೆ ಹೋಗಿದ್ದ.

ತಬಸ್ಸುಮ್ ಆ ಸಾಲನ್ನೇ ನೋಡುತ್ತ ಕುಳಿತರು. ನಡೆಯುತ್ತದೆಂದು ಬರೆದುಕೊಳ್ಳಲೋ, ಇಲ್ಲವೆಂದು ಬರೆದುಕೊಳ್ಳಲೋ ಎಂದು ಕಳಕಪ್ಪ ಎರಡು ಸಲ ಕೇಳಬೇಕಾಯಿತು.

"ನಡೀತೈತಿ ಅಂತ ಬರಕೋರಿ," ಎಂದರು ತಬಸ್ಸುಮ್.

ಅಲ್ಲಿಂದಲೇ ಫೋನು ಹಚ್ಚಿದರು. ಬಡಿಗೇರ ಮೇಡಂ ಈಗ ಕೊಪ್ಪಳದ ಒಂದು ಮಹಿಳಾ ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾರಂತೆ. ತಬಸ್ಸುಮ್ ಅವರಿಗೆ ಟಿಪ್ಪಣಿ ಓದಿ ಹೇಳಿದರು. ಇಷ್ಟು ವರ್ಷ ಕೈಯಲ್ಲಿ ಸಾಕ್ಷಿ ಇರಲಿಲ್ಲ, ಈಗ ಇದೆ, ಪ್ರಿನ್ಸಿಪಾಲರಿಗೂ ಪುಸ್ತಕ ಅಚ್ಚು ಹಾಕಿದವರಿಗೂ ದೂರು ಕೊಡುತ್ತೇನೆ ಎಂದರು. ಆ ಮನುಷ್ಯ ನಿವೃತ್ತನಾಗಿದ್ದಾನೆ, ಈಗ್ಯಾಕೆ ಎಂದರು ಮೇಡಂ. ಆಮೇಲೆ ಆ ಪುಸ್ತಕವನ್ನು ಈಗಲೂ ಹುಡುಗರ ಕೈಗೆ ಕೊಡುತ್ತಾರೆಯೇ ಎಂದು ಕೇಳಿದರು. ಹೌದು, ನಾನೇ ಎರಡು ವರ್ಷ ಅದರಿಂದ ಪಾಠ ಮಾಡಿದ್ದೇನೆ ಎಂದರು ತಬಸ್ಸುಮ್.

"ಹಂಗಾರ ಬರಿಯವ್ವ. ನಾನ ಬಂದು ಸಹಿ ಮಾಡ್ತೀನಿ. ಮೆತ್ತಗ ಬರೀಬ್ಯಾಡ."

ಈಗ ನಾನು ಒಂದು ಪೆನ್‌ಡ್ರೈವಿನಲ್ಲಿದ್ದೇನೆ. ಪೆನ್‌ಡ್ರೈವು ಒಂದು ಲಕೋಟೆಯಲ್ಲಿದೆ. ಲಕೋಟೆ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಇಬ್ಬರು ಹೆಂಗಸರ ನಡುವೆ ಇದೆ. ನನಗೆ ವಯಸ್ಸಾಗಿದೆ. ನನ್ನನ್ನು ಓದಬಲ್ಲ ಎಡಿಟರೇ ಈಗ ಯಾವ ಲ್ಯಾಬಿನಲ್ಲೂ ಇಲ್ಲ. ವಯಸ್ಸಾದ ಮೇಲೆ ಮನಸ್ಸು ತಣ್ಣಗಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ, ಆಗುವುದೂ ಬೇಡ. ಇಷ್ಟು ವರ್ಷ ಒಬ್ಬನೇ ಸಿಟ್ಟಿನಲ್ಲಿದ್ದೆ. ಇವತ್ತು ಮೂವರಿದ್ದೇವೆ.

ಒಳಗಿನಿಂದ ಕರೆ ಬಂತು. ಮೇಡಂ ಲಕೋಟೆ ಎತ್ತಿಕೊಂಡು ಮೊದಲು ಎದ್ದರು.