ಒಂದೇ ಲೈನು

ಮತ್ತೆ ಹೋಯಿತು. ಕಂಪ್ಯೂಟರಿನ ಪರದೆ ಕಪ್ಪಾಯಿತು, ಒಳಗಿನ ಫ್ಯಾನು ನಿಂತಿತು, ಎರಡು ಕ್ಷಣ ಬಿಟ್ಟು ಯಾರೂ ಮುಟ್ಟದೆ ತಾನೇ ಶುರುವಾಯಿತು. ಓರೆಸ್ಟ್ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದ: 11.20.

ಅದರ ಮೇಲೆ 9.05, 9.40, 10.32 ಇದ್ದವು. ಪ್ರತಿ ಸಲವೂ ತುಸು ಮುಂಚೆ ನೆಲಮಾಳಿಗೆಯ ಬಾಗಿಲು ಕಿರುಗುಟ್ಟಿತ್ತು. ಅದನ್ನು ಅವನು ಬರೆದಿರಲಿಲ್ಲ.

ನಾಲ್ಕು ದಿನದಿಂದ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿಯೇ ಇತ್ತು. ಧೂಳು ಊದಿದ್ದ, ಮೆಮೊರಿ ಬದಲಿಸಿದ್ದ, ವೈರು ಬದಲಿಸಿದ್ದ. ಯಂತ್ರದಲ್ಲಿ ತಪ್ಪು ಸಿಗಲಿಲ್ಲ. ಮನೆಯಲ್ಲಿ ಉಳಿದದ್ದು ಹೆಂಡತಿ ಡೋರೀನ್ ಒಬ್ಬಳು.

ಅವನು ಪಾಠ ಮಾಡುವ ಹೈಸ್ಕೂಲಿನಲ್ಲೇ ಕಂಪ್ಯೂಟರ್ ಕಲಿಸುವ ಗಾರ್ತ್‌ಗೆ ಫೋನು ಮಾಡಿದ. ಗಾರ್ತ್ ಎಲ್ಲ ಕೇಳಿಸಿಕೊಂಡು ನಕ್ಕ.

"ನಾಲ್ಕು ದಿನದಿಂದ ಅದರ ಹೊಟ್ಟೆ ಬಗೆದು ಕೂತಿದ್ದೀಯಲ್ಲ, ಹೆಂಡ್ತಿ ಮುಖ ನೋಡಿ ಎಷ್ಟು ದಿನ ಆಯ್ತು ಮಾರಾಯ?"

ಆಮೇಲೆ ಹೇಳಿದ: ಹಳೆಯ ಮನೆ, ಮೂರು ನಾಲ್ಕು ಕೋಣೆಗಳಿಗೆ ಒಂದೇ ಲೈನು ಎಳೆದಿರುತ್ತಾರೆ. ಎಲ್ಲೋ ದೊಡ್ಡದೇನಾದರೂ ಆನ್ ಆದರೆ ನಿನ್ನ ಡಬ್ಬಕ್ಕೆ ಕರೆಂಟು ಸಾಲದು. ಡೋರೀನಳನ್ನು ಕೇಳು.

ಕೇಳಬಹುದು ಎಂಬುದು ಓರೆಸ್ಟ್‌ಗೆ ಹೊಳೆದಿರಲಿಲ್ಲ.

ಊಟದ ಹೊತ್ತಿಗೆ ಡೋರೀನ್ ಮೇಲೆ ಬಂದಳು. ಕೆನ್ನೆ ಕೆಂಪಾಗಿತ್ತು. ಬೀಟ್‌ರೂಟ್ ಸೂಪು ಬಡಿಸಿದಳು. ಕೆಳಗೆ ಏನು ಕೆಲಸ ಎಂದು ಕೇಳಿದ.

"ಬಟ್ಟೆ ಒಗೀತಿದ್ದೆ."

ಒಗೆಯುವ ಯಂತ್ರ ತಿರುಗಿದರೆ ಅಡುಗೆಮನೆಯ ಚಮಚಗಳು ಗಿಲಿಗಿಲಿ ಎನ್ನುತ್ತವೆ. ಬೆಳಿಗ್ಗೆಯಿಂದ ಚಮಚಗಳು ಸುಮ್ಮನಿದ್ದವು.

"ತುಂಬಾ ಇತ್ತಾ?"

"ಇತ್ತು." ಅವಳು ಬ್ರೆಡ್ಡು ಮುರಿದಳು. "ಕಂಪ್ಯೂಟರ್ ಸರಿಹೋಯ್ತಾ?"

"ಯಾಕೆ?"

"ಸುಮ್ನೆ ಕೇಳ್ದೆ."

ಅವನು ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಒಂದು ಹದಿನೈದಕ್ಕೆ ಬಾಗಿಲು ಕಿರುಗುಟ್ಟಿತು. ಒಂದು ಹದಿನೇಳಕ್ಕೆ ಪರದೆ ಕಪ್ಪಾಯಿತು. ಈ ಸಲ ಬರೆಯಲಿಲ್ಲ. ಚಪ್ಪಲಿ ಕಳಚಿ ಕಾಲುಚೀಲದಲ್ಲೇ ಮೆಟ್ಟಿಲಿಳಿದ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಂಡಿತು: ಯಾರದೋ ಜೊತೆ ಫೋನು, ಬಚ್ಚಿಟ್ಟ ಕಾಗದ, ತುಂಬಿಟ್ಟ ಸೂಟ್‌ಕೇಸು. ಯಾವುದಾದರೂ ಒಂದು ಇದ್ದರೆ ಸಾಕು ಎಂದು ತಾನು ಆಸೆಪಡುತ್ತಿರುವುದು ಕೊನೆಯ ಮೆಟ್ಟಿಲಲ್ಲಿ ಗೊತ್ತಾಯಿತು.

ಹಳೆಯ ಸಾಮಾನಿನ ಕೋಣೆಯಲ್ಲಿ ಸಣ್ಣ ಹೀಟರು ಕೆಂಪಗೆ ಉರಿಯುತ್ತಿತ್ತು. ಅದರೆದುರು ಮಡಚುವ ಕುರ್ಚಿ. ಡೋರೀನ್ ಕೋಟು ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಎದುರಿಗೆ ಕಾಂಕ್ರೀಟಿನ ಗೋಡೆ. ಪುಸ್ತಕವಿಲ್ಲ, ಫೋನಿಲ್ಲ.

"ಇಲ್ಲೇನು ಮಾಡ್ತಿದ್ದೀಯ?"

"ಕೂತಿದ್ದೀನಿ."

"ಮೇಲೆ ಕೂರಬಹುದಲ್ಲ."

ಅವಳು ಕೋಟಿನ ಕಾಲರು ಮೇಲೆಳೆದುಕೊಂಡಳು. "ಮೇಲೆ ಚಳಿ."

ವಿನ್ನಿಪೆಗ್‌ನ ಫೆಬ್ರವರಿ, ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ. ಆದರೆ ಮೇಲೆ, ಮನೆಯೊಳಗೆ, ಇಪ್ಪತ್ತೆರಡು ಡಿಗ್ರಿ. ಬೆಳಿಗ್ಗೆ ಅವನೇ ಥರ್ಮೋಸ್ಟಾಟು ತಿರುಗಿಸಿ ಇಟ್ಟಿದ್ದ.

ಹೀಟರು, ಕಂಪ್ಯೂಟರು ಎರಡೂ ಒಂದೇ ಲೈನಿನಲ್ಲಿವೆ, ಇದು ಹತ್ತಿದಾಗೆಲ್ಲ ಅದು ಸಾಯುತ್ತದೆ ಎಂದು ವಿವರಿಸಿದ. ಹೋಮ್‌ವರ್ಕ್ ತರದ ಹುಡುಗರಿಗೆ ಹೇಳುವ ದನಿಯೇ ಬಂತು. ಅವಳು ಹೀಟರನ್ನು ನೋಡುತ್ತಲೇ ಇದ್ದಳು.

"ಮೊದಲೇ ಕೇಳಬಹುದಿತ್ತಲ್ಲ," ಅಂದಳು.

"ಏನಂತ?"

ಅವಳು ಕುರ್ಚಿಯನ್ನು ಹೀಟರಿನ ಹತ್ತಿರ ಎಳೆದುಕೊಂಡಳು.

ಅವನು ಮೇಲೆ ಬಂದ. ಪರಿಹಾರ ಸುಲಭ. ಅಡುಗೆಮನೆಯದು ಬೇರೆ ಲೈನು. ಅಲ್ಲಿಂದ ಉದ್ದ ವೈರು ಎಳೆದರೆ ಮುಗಿಯಿತು. ವೈರು ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ. ಇನ್ನು ಪರದೆ ಕಪ್ಪಾದರೆ ಅವಳು ಅಲ್ಲಿ ಕೂತಳೆಂದು ಗೊತ್ತಾಗುತ್ತದೆ. ಅಷ್ಟಾದರೂ ಗೊತ್ತಾಗುತ್ತದೆ.

ಎರಡು ನಲವತ್ತಕ್ಕೆ ಡೋರೀನ್ ಮೇಲೆ ಬಂದು, ನೀರು ಕುಡಿದು, ಅವನ ಬೆನ್ನ ಹಿಂದೆ ಹಾದುಹೋದಳು. ಬಾಗಿಲು ಕಿರುಗುಟ್ಟಿತು. ಅವನು ಪೆನ್ನಿನ ಕ್ಯಾಪು ತೆಗೆದ.

ಒಂದು ನಿಮಿಷ. ಐದು ನಿಮಿಷ. ಪರದೆ ಬೆಳ್ಳಗೆ ಉಳಿಯಿತು. ಅವಳು ಹೀಟರು ಹಚ್ಚಿರಲಿಲ್ಲ.

ಕೆಳಗಿಂದ ಸದ್ದಿಲ್ಲ. ಚಮಚಗಳು ಅಲುಗಲಿಲ್ಲ. ಅವಳು ಮೇಲೆ ಬರಲೂ ಇಲ್ಲ.

ಐದು ಗಂಟೆಗೆ ಕಿಟಕಿಯ ಬೆಳಕು ಬಾಡತೊಡಗಿತು. ಯಂತ್ರದ ತೆರೆದ ಪಕ್ಕೆಯ ಬಳಿ ಕೈ ಹಿಡಿದ. ಬೆಚ್ಚಗಿನ ಗಾಳಿ ಬೆರಳುಗಳಿಗೆ ತಾಗಿತು. ನಾಲ್ಕು ದಿನದಲ್ಲಿ ಮೊದಲ ಸಲ ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು, ನಿಲ್ಲಲೇ ಇಲ್ಲ.