ಹಣಮಂತಪ್ಪನ ದೋಣಿಗೆ ಗಿರಾಕಿ

ಮನೆಯೊಳಗೆ ಅಣ್ಣ ಹಣಮಂತಪ್ಪನ ಹೆಣಕ್ಕೆ ನೀರು ಹಾಕುತ್ತಿದ್ದರೆ, ಸವದತ್ತಿ ಹಿನ್ನೀರಿನ ದಂಡೆಯಲ್ಲಿ ಮಡಿವಾಳೆಪ್ಪ ಅವನ ದೋಣಿಯ ಸೀಳಿಗೆ ಬಿಸಿ ಡಾಂಬರು ಮೆತ್ತುತ್ತಿದ್ದ. ದೋಣಿ ಕೊಳ್ಳಲು ತೊರಗಲ್ಲಿನಿಂದ ಬಂದ ನಜೀರಸಾಬ ಅಂಗಳದಲ್ಲಿ ಕುಳಿತಿದ್ದ. ಸಾವಿನ ಸುದ್ದಿ ಗೊತ್ತಿಲ್ಲದೆ ಬಂದವನು, ಗೊತ್ತಾದ ಮೇಲೆ ಎದ್ದು ಹೋಗಲು ನಾಚಿದ್ದ.

ಮಡಿವಾಳೆಪ್ಪ ಕೈ ಒರೆಸುತ್ತ ಒಳಗೆ, ಅತ್ತಿಗೆ ಶೆಟ್ಟೆವ್ವನ ಬಳಿ ಬಂದ.

"ವೈನಿ, ದೋಣಿ ಸೋರತೈತಂತ ಬಾಯಿ ಬಿಡಬ್ಯಾಡ. ದೋಣಿ ಮಾರಿ ಹ್ವಾದ್ರ ನೀ ಬೈಲಹೊಂಗಲಕ್ಕ ಮಗಳ ಮನಿಗೆ. ಹೋಗಲಿಲ್ಲಂದ್ರ ನಾಳಿಂದ ಹುಟ್ಟು ನಾ ಹಾಕ್ತೇನಿ, ನೀರು ನೀನ ತೋಡಬೇಕು. ಮಂದಿ ಹೊಲಕ್ಕ ದಾಟಾಕ ಬ್ಯಾರೆ ದೋಣಿ ಇಲ್ಲ."

ಶೆಟ್ಟೆವ್ವ ತಲೆಯಾಡಿಸಿದಳು. ಮಗಳು ಉಮಾಶ್ರೀ ಆಗಲೇ ತಾಯಿಯ ಸೀರೆಗಳನ್ನು ಗಂಟು ಕಟ್ಟಿದ್ದಳು. ಆ ಮಗಳ ಬಾಣಂತನಕ್ಕೂ ಶೆಟ್ಟೆವ್ವ ಹೋಗಿರಲಿಲ್ಲ. ಗಂಡ ಹುಟ್ಟು ಹಾಕಬೇಕು, ಹೆಂಡತಿ ನೀರು ತೋಡಬೇಕು. ಒಬ್ಬರು ಕೈಬಿಟ್ಟರೂ ದೋಣಿ ದಡ ಕಾಣುತ್ತಿರಲಿಲ್ಲ.

*

ತೊಂಬತ್ತೆಂಟರಲ್ಲಿ ಉಗರಗೋಳದಿಂದ ಒಬ್ಬ ಗಿರಾಕಿ ಬಂದಿದ್ದ. ಹೊಳೆಯುವ ಬಣ್ಣ ನೋಡಿ ಹಿಗ್ಗಿದ್ದ.

"ಬಣ್ಣ ನೋಡಬ್ಯಾಡ್ರಿ," ಎಂದ ಹಣಮಂತಪ್ಪ. "ನಾನೂ ಬಣ್ಣ ನೋಡೇ ತಗೊಂಡೆ. ದಂಡಿಗೆ ಎಳದು ಒಳಗ ನೀರು ತುಂಬ್ರಿ. ಹೊರಗ ಎಲ್ಲಿ ಒಸರ್ತೈತೋ ಅಲ್ಲಿ ಹಲಗಿ ಕೊಳತು ಲಡ್ಡಾಗೈತಿ. ನಮ್ಮ ದೋಣಿಗೆ ಬಲಿನ ಬ್ಯಾಡ್ರಿ, ಮೀನ ತಾವಾಗೇ ಒಳಗ ಬರ್ತಾವ. ಹ್ವಾದ ವರ್ಷ ಒಂದು ಮೊಸಳಿ ತಲಿ ತೂರಿಸಿ, ಯಾರದಾರ್ರಿ ಮನ್ಯಾಗ ಅಂತು!"

ಗಿರಾಕಿ ಹೊಟ್ಟೆ ಹಿಡಿದು ನಕ್ಕ, ಚಹಾ ಕುಡಿದು ಹೊರಟುಹೋದ.

"ನಿಮ್ಮ ಬಾಯಿಗೆ ಡಾಂಬರ ಬಡೀಬೇಕಿತ್ತು," ಎಂದಳು ಶೆಟ್ಟೆವ್ವ.

"ಪಾಪ, ಅಂವ ಮುಣಗತಿದ್ದನಲ್ಲಲೇ."

"ನಾ ಮುಣಗಿದ್ದು ಕಾಣವಲ್ದೇನು?"

ಹಣಮಂತಪ್ಪ ಗಿರಾಕಿಯ ಚಹಾದ ಬಟ್ಟಲು ತೊಳೆಯಲು ದಂಡೆಗೆ ಇಳಿದ.

*

ಮಣ್ಣು ಕೊಡುವ ಜಾಗ ಆಚೆ ದಡದಲ್ಲಿತ್ತು. ನಜೀರಸಾಬನೂ ಹೆಗಲು ಕೊಟ್ಟು ಹೆಣವನ್ನು ದೋಣಿಯಲ್ಲಿ ಕೂಡಿಸಿ, ತಾನೂ ಹತ್ತಿದ. ಶೆಟ್ಟೆವ್ವ ಸೀಳಿನ ಮೇಲೆಯೇ ಸೆರಗು ಹರಡಿ ಕುಳಿತಳು. ಮಡಿವಾಳೆಪ್ಪ ಹುಟ್ಟು ಹಾಕಿದ.

"ಬರೇ ಎರಡು ವರ್ಷ ಬಳಸಿದ್ದ್ರಿ ಸಾಬರ, ಹೊಸಾದ ಅನ್ರಿ."

ನಜೀರಸಾಬ ಅವನ ಮಾತಿಗೆ ಹೂಂ ಎಂದು, ಶೆಟ್ಟೆವ್ವನ ಕಡೆ ತಿರುಗಿದ. "ಚೊಲೊ ಐತೇನ್ರಿ ಯಕ್ಕಾ? ನಮ್ಮ ಮೊಮ್ಮಕ್ಕಳು ಇದರಾಗ ಸಾಲಿಗೆ ದಾಟಾವ್ರು."

"ಚೊಲೊ ಐತ್ರಿ," ಎಂದಳು ಅವಳು, ನೀರು ನೋಡುತ್ತ.

ಹಸಿ ಹಲಗೆಗೆ ಡಾಂಬರು ಹಿಡಿದಿರಲಿಲ್ಲ. ನಡುನೀರಿಗೆ ಬರುವಷ್ಟರಲ್ಲಿ ತೊಡೆಗೆ ತಣ್ಣಗೆ ಹತ್ತಿತು. ಸೀರೆಯಡಿಯಿಂದ ಹರಿದ ನೀರು ಗಂಡನ ಪಾದ ಮುಟ್ಟಿ ವಿಭೂತಿ ಕರಗಿಸಿತು. ಅವಳು ತೋಡಲು ಮುಂದಾದ ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡಳು. ಮಡಿವಾಳೆಪ್ಪ ಕೆಮ್ಮಿದ, ಹುಟ್ಟನ್ನು ಜೋರಾಗಿ ಎಳೆದ. ನೀರು ಹೆಣದ ಹಿಮ್ಮಡಿ ದಾಟಿತು.

"ವೈನಿ!" ಎಂದ ಅವನು. ಅದು ಬೇಡ ಎಂಬ ಕೂಗು.

ಅಷ್ಟರಲ್ಲಿ ಅವಳ ಬೊಗಸೆ ಕೆಳಗಿಳಿದಿತ್ತು. ನಜೀರಸಾಬ ತನ್ನ ಚಪ್ಪಲಿಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹುಟ್ಟು ನಿಂತಿತು. ಶೆಟ್ಟೆವ್ವ ತೋಡಿ ಚೆಲ್ಲುತ್ತಿದ್ದಳು, ಚೆಲ್ಲಿದಷ್ಟೇ ಒಳಗೆ ಬರುತ್ತಿತ್ತು.